"ನಿನಗೇನು ಕಮ್ಮಿ" ಅಂತ ಕೇಳಬೇಡಿ

(ತಾಯಂದಿರ ಒಂದು ಚಿಕ್ಕ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿರುವವರು ದಯವಿಟ್ಟು ಮುಜುಗರ ಪಡಬೇಡಿ. ಮಗು ಎದ್ದು ಅತ್ತರೆ ಅಳಲಿ. ನಾನು ಸ್ವಲ್ಪ ಜೋರಾಗಿ ಮಾತಾಡುತ್ತೇನೆ, ಅಷ್ಟೇ.

"ನಿನಗೇನು ಕಮ್ಮಿ ಆಗಿದೆ?" ಈ ಮಾತು ಕೇಳಿಸಿಕೊಳ್ಳದ ತಾಯಿ ಇಲ್ಲಿ ಯಾರಾದರೂ ಇದ್ದೀರಾ? ಸುಸ್ತು ಅಂದರೆ ಈ ಪ್ರಶ್ನೆ ಬರುತ್ತದೆ. ನಿದ್ದೆ ಇಲ್ಲ ಅಂದರೂ ಬರುತ್ತದೆ. ಮುತ್ತಿನಂಥ ಮಕ್ಕಳಿದ್ದಾರೆ, ತಲೆ ಮೇಲೆ ಸೂರಿದೆ, ಇನ್ನೇನು ಬೇಕು ಅಂತ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಪ್ರಶ್ನೆ ಬಿದ್ದ ಕೂಡಲೇ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಸುಸ್ತು ಹಾಗೇ ಇರುತ್ತದೆ. ಅದರ ಜೊತೆಗೆ ಸುಸ್ತಾಗಿದ್ದೇ ತಪ್ಪೇನೋ ಅನ್ನುವ ಅಳುಕು ಬೇರೆ ಸೇರಿಕೊಳ್ಳುತ್ತದೆ.

ಈ ಪ್ರಶ್ನೆಯಿಂದಾಗಿಯೇ ಎಷ್ಟೋ ವರ್ಷ ನನಗೆ ಕೃತಜ್ಞತೆ ಅನ್ನುವ ಪದ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ "ದಿನಾ ಮೂರು ಒಳ್ಳೆಯ ವಿಷಯ ಬರೆದಿಡು" ಅಂದರೆ, ನನಗೆ ಕೇಳಿಸುತ್ತಿದ್ದದ್ದು "ಗೊಣಗಬೇಡ" ಅಂತ. ಇವತ್ತು ಅದೇ ವಿಷಯದ ಮೇಲೆ ಮಾತಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ಒಂದು ಲೋಟ ನೀರು.

ನಾಲ್ಕು ವರ್ಷದ ಹಿಂದಿನ ರಾತ್ರಿ. ಮಗನಿಗೆ ಆಗ ಎರಡು ವರ್ಷ, ಮಗಳಿಗೆ ಎಂಟು. ಮಗನಿಗೆ ಜ್ವರ. ರಾತ್ರಿ ಎರಡು ಗಂಟೆಗೆ ಥರ್ಮಾಮೀಟರ್ 39 ಡಿಗ್ರಿ ತೋರಿಸಿತು. ಔಷಧ ಕುಡಿಸಿದೆ, ಅರ್ಧ ನನ್ನ ಮೈಮೇಲೆಯೇ ಉಗಿದ. ಹಾಸಿಗೆಯ ಬಟ್ಟೆ ಬದಲಾಯಿಸಿದೆ. ನಾನು ಕೂತರೆ ಅಳುತ್ತಿದ್ದ, ಎತ್ತಿಕೊಂಡು ಓಡಾಡಿದರೆ ಸುಮ್ಮನಾಗುತ್ತಿದ್ದ. ಗಂಡ ಊರಲ್ಲಿರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗಲೇಬೇಕಿತ್ತು. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ, ಯಾರ ಮೇಲೆ ಅಂತ ಗೊತ್ತಿಲ್ಲದೆ ಸಿಟ್ಟು ಮಾಡಿಕೊಂಡು, ಅಂತೂ ಬೆಳಗು ಮಾಡಿದೆ.

ಮರುದಿನ ಸಂಜೆ ಅಕ್ಕ ಫೋನ್ ಮಾಡಿದಳು. "ರಾತ್ರಿ ಹೇಗಿತ್ತೇ?" "ನರಕ ಅಕ್ಕಾ" ಅಂದೆ. ಒಂದೊಂದಾಗಿ ಹೇಳಿಕೊಂಡೆ. ಜ್ವರ, ಔಷಧ, ಬಟ್ಟೆ, ಬೆನ್ನುನೋವು, ಒಂದೂ ಬಿಡಲಿಲ್ಲ. ಫೋನ್ ಇಟ್ಟ ಮೇಲೆ ಹಾಸಿಗೆ ಪಕ್ಕದ ಸ್ಟೂಲಿನ ಕಡೆ ಕಣ್ಣು ಹೋಯಿತು. ಅಲ್ಲೊಂದು ಖಾಲಿ ಲೋಟ. ಲೋಟದ ಪಕ್ಕದಲ್ಲಿ ಮಗಳ ಚಿತ್ರ ಬರೆಯುವ ಪುಸ್ತಕ. ಆಗ ನೆನಪಾಯಿತು. ಮೂರು ಗಂಟೆ ಹೊತ್ತಿಗೆ ಅವಳು ಎದ್ದು ಬಂದಿದ್ದಳು. "ಅಮ್ಮಾ, ನೀನು ನೀರೇ ಕುಡಿದಿಲ್ಲ" ಅಂದಳು. ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಲೋಟದ ತುಂಬ ನೀರು ತಂದಳು. ನನ್ನ ಕೈ ಖಾಲಿ ಇಲ್ಲದ್ದು ನೋಡಿ ಸ್ಟೂಲಿನ ಮೇಲಿಟ್ಟಳು. ಏನೂ ಬೀಳದಿರಲಿ ಅಂತ ತನ್ನ ಪುಸ್ತಕವನ್ನೇ ಮೇಲೆ ಮುಚ್ಚಿದಳು. ಮತ್ತೆ ಹೋಗಿ ಮಲಗಿದಳು. ಆಮೇಲೆ ಯಾವಾಗಲೋ ನಾನು ಆ ನೀರನ್ನು ಕುಡಿದಿದ್ದೇನೆ. ಅಕ್ಕನಿಗೆ ರಾತ್ರಿಯ ಕಥೆ ಪೂರ್ತಿ ಹೇಳಿದವಳು ಅದೊಂದನ್ನು ಮಾತ್ರ ಬಿಟ್ಟಿದ್ದೆ.

ನಾನು ಬೇಕೆಂದು ಬಿಟ್ಟಿರಲಿಲ್ಲ. ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ರಾಯ್ ಬಾಮೈಸ್ಟರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 2001ರಲ್ಲಿ ಒಂದು ದೊಡ್ಡ ಲೇಖನ ಬರೆದರು. ಅದುವರೆಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಅವರು ಹೇಳಿದ್ದು ಇಷ್ಟು: ಒಳ್ಳೆಯದಕ್ಕಿಂತ ಕೆಟ್ಟದ್ದು ನಮ್ಮ ಮೇಲೆ ಜಾಸ್ತಿ ಜೋರಾಗಿ ಕೆಲಸ ಮಾಡುತ್ತದೆ. ಹೊಗಳಿಕೆಗಿಂತ ಬೈಗುಳ ಹೆಚ್ಚು ದಿನ ಉಳಿಯುತ್ತದೆ. ನಮ್ಮ ತಲೆ ಕೆಲಸ ಮಾಡುವ ರೀತಿಯೇ ಹೀಗೆ. ಜೊತೆಗೆ ತಾಯಿಯ ಕೆಲಸವನ್ನು ನೋಡಿ. ಯಾವುದು ಮುಗಿದಿಲ್ಲ, ಯಾರು ಉಂಡಿಲ್ಲ, ಯಾವ ಬಟ್ಟೆ ಒಣಗಿಲ್ಲ ಅಂತ ಹುಡುಕುತ್ತಲೇ ಇರುವ ಕೆಲಸ ಅದು. ಇಡೀ ದಿನ ಕೊರತೆ ಹುಡುಕುವ ಕಣ್ಣಿಗೆ ರಾತ್ರಿ ಇದ್ದಕ್ಕಿದ್ದಂತೆ ಲೋಟದ ನೀರು ಕಾಣುವುದು ಹೇಗೆ?

ಆ ಸಂಜೆ ನಾನು ಕೃತಜ್ಞತೆ ಅನ್ನುವ ಪದವನ್ನೇ ಬಿಡಿಸಿ ನೋಡಿದೆ. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ತಿಳಿದವರು. ಯಾರೋ ಏನೋ ಮಾಡಿದ್ದಾರೆ, ಅದು ನನಗೆ ಗೊತ್ತಿದೆ, ಅಷ್ಟೇ ಅದರ ಅರ್ಥ. ಸಂತೋಷವಾಗಿರಬೇಕು, ಗೊಣಗಬಾರದು ಅಂತ ಆ ಪದದಲ್ಲಿ ಎಲ್ಲೂ ಇಲ್ಲ. "ನಿನಗೇನು ಕಮ್ಮಿ" ಅನ್ನುವುದು ನಮ್ಮನ್ನು ಬೇರೆಯವರ ಪಕ್ಕ ನಿಲ್ಲಿಸಿ ಅಳೆಯುವ ಮಾತು. ಕೃತಜ್ಞತೆ "ಇವತ್ತು ಯಾರು ಏನು ಮಾಡಿದರು" ಅಂತ ಕೇಳುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ. ಈ ವಿಷಯದ ಮೇಲೆ ಬಹಳ ಕೆಲಸ ಮಾಡಿದ ರಾಬರ್ಟ್ ಎಮನ್ಸ್ ಕೂಡ ಕೃತಜ್ಞತೆಗೆ ಎರಡು ಭಾಗ ಇದೆ ಅನ್ನುತ್ತಾರೆ. ಒಳ್ಳೆಯದೊಂದು ನಡೆದಿದೆ ಅಂತ ಗುರುತಿಸುವುದು ಒಂದು. ಅದು ನಮ್ಮಿಂದಾಚೆ ಎಲ್ಲಿಂದಲೋ ಬಂತು ಅಂತ ಗುರುತಿಸುವುದು ಇನ್ನೊಂದು.

ಅಧ್ಯಯನಗಳ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಪ್ರಯೋಗ ಎಲ್ಲರೂ ಹೇಳುವಂಥದ್ದು. ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪಿನವರು ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಐದು ವಿಷಯದವರೆಗೆ ಬರೆದರು. ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಹತ್ತು ವಾರದಲ್ಲಿ ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ನನಗೆ ಹೆಚ್ಚು ತಟ್ಟಿದ್ದು ಅದೇ ಲೇಖನದ ಇನ್ನೊಂದು ಪ್ರಯೋಗ. ನರ ಮತ್ತು ಸ್ನಾಯುಗಳ ಕಾಯಿಲೆ ಇದ್ದವರು 21 ದಿನ, ದಿನಾ ಬರೆದರು. ಕಾಯಿಲೆ ಹೋಗಲಿಲ್ಲ. ಆದರೆ ಅವರು ಬರೆಯದವರಿಗಿಂತ ಚೆನ್ನಾಗಿ ನಿದ್ದೆ ಮಾಡಿದೆವು ಅಂದರು. ಕಷ್ಟ ಇದ್ದಲ್ಲೇ ಇದ್ದರೂ ಈ ಅಭ್ಯಾಸಕ್ಕೆ ಜಾಗ ಇದೆ ಅನ್ನುವ ಧೈರ್ಯ ನನಗೆ ಅದರಿಂದ ಬಂತು.

ಹಾಗಂತ ಇದನ್ನು ರಾಮಬಾಣ ಅಂತ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2020ರಲ್ಲಿ ಬಂತು. ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಮೇಲೆ ಇದರ ಪರಿಣಾಮ ಚಿಕ್ಕದು ಅಂತ ಅದು ಹೇಳಿತು. ಚಿಕ್ಕದು, ಆದರೆ ಇದೆ. ಎರಡು ನಿಮಿಷದ ಕೆಲಸಕ್ಕೆ ಚಿಕ್ಕ ಲಾಭ ಬಂದರೂ ನನಗೆ ಸಾಕು.

ಈಗ ನಾನು ಸೋತ ಕಥೆ. ಲೋಟದ ಘಟನೆ ಆದ ಮೇಲೆ ಹುರುಪಿನಿಂದ ಒಂದು ಚಂದದ ನೋಟ್‌ಬುಕ್ ತಂದೆ. ದಿನಾ ರಾತ್ರಿ ಮೂರು ವಿಷಯ ಬರೆಯುವುದು ಅಂತ ತೀರ್ಮಾನ. ಮೊದಲ ನಾಲ್ಕು ದಿನ ಪುಟ ತುಂಬ ಬರೆದೆ. ಎಂಟನೇ ದಿನದ ಹೊತ್ತಿಗೆ "ಮಕ್ಕಳು, ಆರೋಗ್ಯ, ಮನೆ" ಅಂತಾಯಿತು. ಒಂಬತ್ತನೇ ದಿನವೂ ಮಕ್ಕಳು, ಆರೋಗ್ಯ, ಮನೆ. ಶಾಲೆಯಲ್ಲಿ ಇಂಪೊಸಿಷನ್ ಬರೆದ ಹಾಗೆ. ಕಣ್ಣು ಮುಚ್ಚಿಹೋಗುತ್ತಿರುವಾಗ ಪೆನ್ನು ಹಿಡಿದು, ಇದನ್ನೂ ಮುಗಿಸದೆ ಮಲಗಿದರೆ ಎಂಥ ತಾಯಿ ನಾನು ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಎರಡು ವಾರಕ್ಕೆ ನೋಟ್‌ಬುಕ್ ಮಕ್ಕಳ ಗೀಚು ಪುಸ್ತಕವಾಯಿತು.

ಎಲ್ಲಿ ತಪ್ಪಿತು ಅಂತ ತಿಳಿಯಲು ನನಗೆ ಸಾಕಷ್ಟು ದಿನ ಬೇಕಾಯಿತು. ಮೊದಲನೆಯದು, ಬರೆಯುವುದನ್ನೇ ಅಭ್ಯಾಸ ಅಂದುಕೊಂಡಿದ್ದೆ. ಸೋನಿಯಾ ಲ್ಯುಬೊಮಿರ್ಸ್ಕಿ ಎಂಬ ಸಂಶೋಧಕಿಯ ತಂಡ 2005ರಲ್ಲಿ ಒಂದು ಕುತೂಹಲದ ವಿಷಯ ವರದಿ ಮಾಡಿತು. ಆರು ವಾರದ ಆ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಉಪಯೋಗ ಆಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಜಾಸ್ತಿ ಸಲ ಮಾಡಿದರೆ ಸಪ್ಪೆಯಾಗುತ್ತದೆ ಅನ್ನುವುದು ಒಂದು ವಿವರಣೆ. ನನಗೆ ಅದು ಕೂಡಲೇ ಅರ್ಥವಾಯಿತು, ಯಾಕೆಂದರೆ ನನ್ನ ನೋಟ್‌ಬುಕ್ ಸಪ್ಪೆಯಾಗಿದ್ದನ್ನು ನಾನೇ ನೋಡಿದ್ದೆ. ಅದಕ್ಕೇ ಈಗ ಗಮನಿಸುವುದು ದಿನಾ, ಬರೆಯುವುದು ವಾರಕ್ಕೊಮ್ಮೆ. ಭಾನುವಾರ ಮಧ್ಯಾಹ್ನ ಹತ್ತು ನಿಮಿಷ ಕೂತು ಬರೆಯುತ್ತೇನೆ. ಆಗದಿದ್ದರೆ ಆ ವಾರ ಇಲ್ಲ.

ಎರಡನೆಯದು, ಹೊತ್ತು. "ಸಮಯ ಸಿಕ್ಕಾಗ ಮಾಡುತ್ತೇನೆ" ಅಂದರೆ ತಾಯಿಗೆ ಸಮಯ ಸಿಗುವುದಿಲ್ಲ. ಅದು ನಿಮಗೂ ಗೊತ್ತು. ಪೀಟರ್ ಗೋಲ್ವಿಟ್ಸರ್ ಎಂಬ ಮನೋವಿಜ್ಞಾನಿ 1999ರಲ್ಲಿ ಬರೆದ ಲೇಖನದಲ್ಲಿ ಇದಕ್ಕೊಂದು ಸುಲಭ ದಾರಿ ಇದೆ. "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಅಂತ ಮೊದಲೇ ಗಂಟು ಹಾಕಿಡುವುದು. ಸುಮ್ನೆ "ಮಾಡಬೇಕು" ಅಂದುಕೊಳ್ಳುವುದಕ್ಕಿಂತ ಇದು ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಯಾವುದಕ್ಕೆ ಗಂಟು ಹಾಕುವುದು? ನಾನು ಮೊದಲು ಫೋನಿನ ಅಲಾರಂಗೆ ಹಾಕಿದೆ. ರಾತ್ರಿ ಒಂಬತ್ತೂವರೆಗೆ ಅಲಾರಂ. ಫೋನ್ ಕೈಗೆತ್ತಿಕೊಂಡರೆ ಶಾಲೆಯ ಗುಂಪಿನಲ್ಲಿ ಮೂವತ್ತು ಮೆಸೇಜ್. ನಾಳೆ ಬಣ್ಣದ ಕಾಗದ ತರಬೇಕಂತೆ. ಅಲ್ಲಿಗೆ ಮುಗಿಯಿತು. ಆಮೇಲೆ ಹಲ್ಲುಜ್ಜುವಾಗ ನೋಡಿದೆ. ಮಗ ಆ ಹೊತ್ತಿಗೆ ಬಾಗಿಲು ತಟ್ಟುತ್ತಾನೆ, ತಪ್ಪದೆ. ಸ್ನಾನದ ಹೊತ್ತೂ ಅಷ್ಟೇ. ಕಡೆಗೆ ಒಂದು ದಿನ ಗಮನಿಸಿದೆ: ನಮ್ಮ ಮನೆಯಲ್ಲಿ ಕೊನೆಯ ದೀಪ ಆರಿಸುವುದು ನಾನೇ. ಅಡುಗೆಮನೆ ಒರೆಸಿ, ಗ್ಯಾಸ್ ಆಫ್ ಆಗಿದೆಯಾ ಅಂತ ನೋಡಿ, ಒದ್ದೆ ಬಟ್ಟೆ ಹಿಂಡಿ ನಲ್ಲಿಯ ಮೇಲೆ ಹಾಕಿ, ಸ್ವಿಚ್ ಮೇಲೆ ಕೈ ಇಡುತ್ತೇನೆ. ಆ ಹೊತ್ತಿನಲ್ಲಿ ಯಾರೂ ಕರೆಯುವುದಿಲ್ಲ. ದಿನದಲ್ಲಿ ಅದೊಂದೇ ಕ್ಷಣ ಅನ್ನಿ. ಅಲ್ಲೇ ಗಂಟು ಹಾಕಿದೆ. ಸ್ವಿಚ್ ಮೇಲೆ ಕೈ ಇಟ್ಟಾಗ, ಆರಿಸುವ ಮೊದಲು, ಇವತ್ತಿನ ಒಂದು. ಮೂರಲ್ಲ, ಒಂದೇ. ನೆನಪಾದ ಮೇಲೆ ದೀಪ ಆರಿಸುವುದು.

ಮೊದಮೊದಲು ಕೈ ಸ್ವಿಚ್ ಮೇಲೆ ಬಹಳ ಹೊತ್ತು ನಿಲ್ಲುತ್ತಿತ್ತು. ಏನೂ ಹೊಳೆಯುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಒಂದು ಬದಲಾವಣೆ ಕಂಡಿತು. ಹಗಲಲ್ಲೇ, ಏನಾದರೂ ನಡೆಯುತ್ತಿರುವಾಗಲೇ, "ಓ, ಇದು ರಾತ್ರಿಗೆ" ಅಂತ ಮನಸ್ಸು ತೆಗೆದಿಡಲು ಶುರು ಮಾಡಿತು. ನನ್ನ ಪ್ರಕಾರ ಇಡೀ ಅಭ್ಯಾಸದ ಫಲ ಅದೇ. ಕೊರತೆ ಹುಡುಕುವ ಕಣ್ಣಿಗೆ ಪಕ್ಕದಲ್ಲಿ ಇನ್ನೊಂದು ಕೆಲಸವೂ ಸಿಕ್ಕಿತು.

ತಪ್ಪಿದ ದಿನಗಳು ಬೇಕಾದಷ್ಟಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನ ನನಗೆ ಬಹಳ ಸಮಾಧಾನ ಕೊಟ್ಟಿತು. 96 ಜನರನ್ನು 12 ವಾರ ಗಮನಿಸಿದರು. ಹೊಸ ಅಭ್ಯಾಸ ತಾನಾಗಿ ಆಗುವಷ್ಟು ಕೂಡಿಕೊಳ್ಳಲು ನಡುವಿನ ಲೆಕ್ಕದಲ್ಲಿ 66 ದಿನ ಬೇಕು. ಆದರೆ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ ಅನ್ನುವಷ್ಟು ವ್ಯತ್ಯಾಸ (12 ವಾರ ದಾಟಿದ ಅಂಕಿ, ಕಂಡದ್ದರ ಮೇಲೆ ಲೆಕ್ಕ ಹಾಕಿದ ಅಂದಾಜು). 21 ದಿನದಲ್ಲಿ ಆಗಿಬಿಡುತ್ತದೆ ಅನ್ನುವ ಮಾತು ಕೇಳಿ, 22ನೇ ದಿನ ಸೋತೆ ಅಂದುಕೊಂಡವರು ಇಲ್ಲಿದ್ದರೆ ದಯವಿಟ್ಟು ಈ ಅಂಕಿ ನೆನಪಿಡಿ. ಇನ್ನೊಂದು ಮಾತು: ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಅಂತಲೂ ಆ ಅಧ್ಯಯನ ಕಂಡುಕೊಂಡಿತು. ಮಗುವಿಗೆ ಹುಷಾರಿಲ್ಲದ ವಾರ ಪೂರ್ತಿ ನಿಮ್ಮದು ತಪ್ಪಿಹೋಗಬಹುದು. ಹೋಗಲಿ. ಸ್ವಿಚ್ ಅಲ್ಲೇ ಇರುತ್ತದೆ.

ಇನ್ನು, ಆ ಒಂದು ಯಾವುದಾಗಿರಬೇಕು? "ಮಕ್ಕಳು" ಅಂದರೆ ಅದರಲ್ಲಿ ಏನೂ ಕಾಣುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಕಳೆದ ವರ್ಷ, ಮಗನಿಗೆ ಐದು ವರ್ಷ. ಬೆಳಗ್ಗೆ ಶಾಲೆಯ ಹೊತ್ತು ಮೀರುತ್ತಿದೆ. ಅವನು ಬಾಗಿಲಲ್ಲಿ ಕೂತು ಶೂ ತಾನೇ ಹಾಕಿಕೊಳ್ಳುತ್ತೇನೆ ಅಂತ ಹಟ. ಎಡದ ಶೂ ಬಲಗಾಲಿಗೆ. ತೆಗೆದ. ಮತ್ತೆ ಹಾಕಿದ. ಪಟ್ಟಿ ತಿರುಚಿಕೊಂಡಿತು. ನನಗೆ ತಾಳ್ಮೆ ಕೆಟ್ಟು "ಕೊಡೋ ಇಲ್ಲಿ" ಅಂತ ಕಿತ್ತುಕೊಂಡೆ. ಅಳುತ್ತಲೇ ಹೋದ. ಆ ರಾತ್ರಿ ಸ್ವಿಚ್ ಮೇಲೆ ಕೈ ಇಟ್ಟಾಗ ಆ ಅಳುವೇ ಮೊದಲು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ಬಂತು. ಎಡಬಲ ತಪ್ಪಿದೆ ಅಂತ ಅವನಿಗೆ ನಾನು ಹೇಳಿರಲಿಲ್ಲ, ಅವನೇ ಕಂಡುಕೊಂಡಿದ್ದ. ಎರಡೂ ಕಾಲನ್ನು ಜೋಡಿಸಿ, ತಲೆ ಓರೆ ಮಾಡಿ ನೋಡಿ, "ಇದು ಬೇರೆ ಕಡೆ ತಿರುಗಿದೆ" ಅಂತ ತನಗೆ ತಾನೇ ಹೇಳಿಕೊಂಡಿದ್ದ. ಅದನ್ನು ಅವನಿಗೆ ಕಲಿಸಿದ್ದು ಯಾರು? ನಾನಲ್ಲ. ಅವನನ್ನು ಹಗಲು ನೋಡಿಕೊಳ್ಳುವ ಹೆಂಗಸು. ಮರುದಿನ ಹತ್ತು ನಿಮಿಷ ಮುಂಚೆ ಎಬ್ಬಿಸಿದೆ.

ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ ತಂಡದ 2005ರ ಪ್ರಸಿದ್ಧ ಪ್ರಯೋಗದಲ್ಲಿ ಜನ ಒಂದು ವಾರ, ದಿನಾ ರಾತ್ರಿ, ಚೆನ್ನಾಗಿ ನಡೆದ ಮೂರು ವಿಷಯ ಬರೆದರು. ಜೊತೆಗೆ ಪ್ರತಿಯೊಂದಕ್ಕೂ ಅದು ಯಾಕೆ ನಡೆಯಿತು ಅಂತಲೂ ಬರೆದರು. ಆರು ತಿಂಗಳಾದರೂ ಅದರ ಉಪಯೋಗ ಕಾಣುತ್ತಿತ್ತು. ಎಲ್ಲರೂ "ಮೂರು" ಅನ್ನುವುದನ್ನು ನೆನಪಿಟ್ಟುಕೊಂಡು "ಯಾಕೆ" ಅನ್ನುವುದನ್ನು ಮರೆಯುತ್ತಾರೆ. ನನಗೆ ಆ "ಯಾಕೆ" ಮುಖ್ಯ ಅನ್ನಿಸುತ್ತದೆ. ಯಾಕೆ ಅಂತ ಕೇಳಿದರೆ ಒಬ್ಬ ಮನುಷ್ಯರು ಸಿಗುತ್ತಾರೆ.

ಏನೂ ಹೊಳೆಯದ ದಿನ ಇನ್ನೊಂದು ದಾರಿ ಇದೆ. ಒಂದನ್ನು ಕಳೆದು ನೋಡುವುದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ತಮ್ಮ ಸಂಗಾತಿ ಹೇಗೆ ಸಿಕ್ಕರು ಅಂತ ಬರೆಯಲು ಹೇಳಿದರು. ಇನ್ನು ಕೆಲವರಿಗೆ, ಅವರು ಸಿಗದೇ ಹೋಗಬಹುದಿತ್ತು, ಅದು ಹೇಗೆ ಅಂತ ಬರೆಯಲು ಹೇಳಿದರು. ಸಿಗದೇ ಹೋಗುವುದನ್ನು ಬರೆದವರಿಗೇ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಕಂಡಿತು. ದೊಡ್ಡದನ್ನು ಕಳೆದು ನೋಡಿ ಭಯಪಡಬೇಡಿ. ಚಿಕ್ಕದು ಸಾಕು. ಇವತ್ತು ನಲ್ಲಿಯಲ್ಲಿ ನೀರು ಬಾರದಿದ್ದರೆ? ಮಗಳನ್ನು ಕರೆತರುವ ಗೆಳತಿಗೆ ಇವತ್ತು ಆಗದೇ ಹೋಗಿದ್ದರೆ?

ಹೀಗೆ ಸಿಕ್ಕ ಮನುಷ್ಯರಿಗೆ ಅದನ್ನು ಹೇಳುವುದು ಮುಂದಿನ ಹೆಜ್ಜೆ. ಅಲ್ಲಿ ನಮಗೆ ನಾಚಿಕೆ. ಮನೆಯವರಿಗೇನು ಥ್ಯಾಂಕ್ಸ್ ಹೇಳುವುದು, ನಾಟಕ ಅಂದುಕೊಂಡರೆ? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಧನ್ಯವಾದದ ಪತ್ರ ಬರೆದವರು, ಓದಿದವರಿಗೆ ಮುಜುಗರವಾಗುತ್ತದೆ ಅಂತ ಜಾಸ್ತಿ ಅಂದಾಜು ಮಾಡಿದ್ದರು, ಅವರಿಗಾಗುವ ಖುಷಿಯನ್ನು ಕಮ್ಮಿ ಅಂದಾಜು ಮಾಡಿದ್ದರು. ಶೂ ವಿಷಯ ಆದ ಮೇಲೆ ಮಗನನ್ನು ನೋಡಿಕೊಳ್ಳುವ ಆ ಹೆಂಗಸಿಗೆ ಒಂದು ಚೀಟಿ ಕೊಟ್ಟೆ. ನಾಲ್ಕೇ ಸಾಲು. ಅವರು ಅದನ್ನು ನನ್ನೆದುರೇ ಎರಡು ಸಲ ಓದಿದರು. "ಅವನು ಕಾಲು ಜೋಡಿಸಿ ನೋಡೋದು ನಿಮಗೂ ಗೊತ್ತಾಯ್ತಾ?" ಅಂತ ಕೇಳಿದರು. ಅಷ್ಟು ದಿನ ನಾವು ಜ್ವರ, ಊಟ, ಹೊತ್ತು ಇಷ್ಟನ್ನೇ ಮಾತಾಡುತ್ತಿದ್ದೆವು. ಅವತ್ತು ಅರ್ಧ ಗಂಟೆ ನಿಂತು ಮಗನ ಬಗ್ಗೆ ಮಾತಾಡಿದೆವು.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಕೃತಜ್ಞತೆಯನ್ನು ನಿಮ್ಮ ಬಾಯಿಗೆ ತುರುಕುವ ಬಟ್ಟೆ ಮಾಡಿಕೊಳ್ಳಬೇಡಿ. ಹೊರಗಿನ ಕೆಲಸ ಮುಗಿಸಿ ಬಂದ ಹೆಂಗಸಿಗೆ ಮನೆಯಲ್ಲಿ ಎರಡನೇ ಪಾಳಿ ಶುರುವಾಗುತ್ತದೆ ಅಂತ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1980ರ ದಶಕದಲ್ಲೇ ಬರೆದರು. ಗಂಡ ಒಂದು ದಿನ ಪಾತ್ರೆ ತೊಳೆದದ್ದಕ್ಕೆ ನೀವು ಮನಸಾರೆ ಥ್ಯಾಂಕ್ಸ್ ಹೇಳಬಹುದು. ಮರುದಿನ "ವಾರದಲ್ಲಿ ನಾಲ್ಕು ದಿನ ಪಾತ್ರೆ ನಿನ್ನದು" ಅಂತಲೂ ಹೇಳಬಹುದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಾನು ಹೇಳಿದ್ದೇನೆ. ಈಗ ನಾಲ್ಕು ದಿನ ಆ ಸ್ವಿಚ್ ಮೇಲೆ ಕೈ ಅವರದೇ, ನಾನು ಹಾಸಿಗೆ ಪಕ್ಕದ ದೀಪಕ್ಕೆ ಗಂಟು ಹಾಕಿಕೊಂಡಿದ್ದೇನೆ.

ಇನ್ನೂ ಮುಖ್ಯವಾದದ್ದು. ಹೆರಿಗೆಯಾದ ತಾಯಂದಿರಲ್ಲಿ ಸುಮಾರು ಶೇ 13ರಷ್ಟು ಜನರಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಕಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ಅಳು ನಿಲ್ಲುತ್ತಿಲ್ಲ, ಮಗುವನ್ನು ನೋಡಿದರೂ ಏನೂ ಅನ್ನಿಸುತ್ತಿಲ್ಲ ಅಂದರೆ ಅದು ಕೃತಜ್ಞತೆಯ ಕೊರತೆ ಅಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವುದೂ ಬೇಡ, ಅವತ್ತೇ ಹೋಗಿ. ನೋಟ್‌ಬುಕ್ ತರಬೇಡಿ, ಡಾಕ್ಟರ ಹತ್ತಿರ ಹೋಗಿ. ಹೋಗಲು ಧೈರ್ಯ ಬರದಿದ್ದರೆ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಮಕ್ಕಳಿಗೆ ಇದನ್ನು ಕಲಿಸುವ ಬಗ್ಗೆ ಬಹಳ ಜನ ಕೇಳುತ್ತಾರೆ. "ಥ್ಯಾಂಕ್ಯೂ ಹೇಳು, ಹೇಳು" ಅಂತ ಬೆನ್ನು ತಿವಿಯುವುದನ್ನು ನಾನು ಬಿಟ್ಟಿದ್ದೇನೆ. ನಾವು ಹೇಳುವುದು ಅವರ ಕಿವಿಗೆ ಬಿದ್ದರೆ ಸಾಕು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ದಿನ ಪೂರ್ತಿ ಕೆಟ್ಟದಾಗಿದ್ದರೆ ಏನು ಮಾಡುತ್ತೀರಿ?" ಅಂಥ ದಿನ ನಾನು "ಇವತ್ತು ಇಲ್ಲ" ಅಂತ ಹೇಳಿ ದೀಪ ಆರಿಸುತ್ತೇನೆ. ಸುಳ್ಳು ಹೇಳಿ ಆರಿಸಿದರೆ ಮರುದಿನ ಮನಸ್ಸು ಆ ಜಾಗಕ್ಕೆ ಬರಲು ಒಪ್ಪುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಮಗುವನ್ನು ಮಲಗಿಸಿಕೊಂಡಿದ್ದವರದು. "ನನ್ನದು ಮೂರು ತಿಂಗಳ ಕೂಸು. ಪೆನ್ನು ಹಿಡಿಯಲೂ ಕೈ ಖಾಲಿ ಇರುವುದಿಲ್ಲ. ದೀಪ ಯಾವಾಗ ಆರಿಸುತ್ತೇನೆ, ಯಾವಾಗ ಹಾಕುತ್ತೇನೆ ಅಂತಲೇ ಗೊತ್ತಿಲ್ಲ" ಅಂದರು. ಹಾಗಾದರೆ ರಾತ್ರಿ ಹಾಲೂಡಿಸುವಾಗ ಮಗುವಿಗೇ ಹೇಳಿ ಅಂದೆ. ಅದಕ್ಕೆ ಅರ್ಥವಾಗದಿದ್ದರೆ ಪರವಾಗಿಲ್ಲ, ನಿಮ್ಮ ದನಿ ಕೇಳುತ್ತದೆ. ಇವತ್ತಿನದ್ದು ಯಾವುದು ಹೇಳುತ್ತೀರಿ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದರು. "ಇವರ ಹೆಸರು ನನಗೆ ಗೊತ್ತಿಲ್ಲ. ಬಂದಾಗಿನಿಂದ ನನ್ನ ಬ್ಯಾಗನ್ನು ತಮ್ಮ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾರೆ."